ಮಣ್ಣನ್ನು ಬೈಯಬೇಡಿ, ದೀಪ ಆರಿಸಿ

ಊರು ಬಿಟ್ಟು ಬಂದವರ ಕುಂಡದಲ್ಲಿ ಹೂ ಬಿಡದಿದ್ದರೆ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಕಾರಣ ಮೊದಲೇ ಸಿದ್ಧವಾಗಿರುತ್ತದೆ. "ಅಲ್ಲಿಯ ಮಣ್ಣು ಸರಿಯಿಲ್ಲ, ಅಲ್ಲಿಯ ನೀರು ಸರಿಯಿಲ್ಲ." ತೀರಿತು. ಊರಲ್ಲಿರುವವರಿಗೆ ಹಾಗೆ ಹೇಳಿದರೆ ಒಂದು ಸಮಾಧಾನ, ಊರು ಬಿಟ್ಟವರಿಗೆ ಹಾಗೆ ಕೇಳಿದರೆ ಒಂದು ಸಮಾಧಾನ. ಇಬ್ಬರ ಸಮಾಧಾನದ ನಡುವೆ ನಿಜ ಸಂಗತಿ ಮೂಲೆ ಸೇರುತ್ತದೆ.

ನಾನು ವಡೋದರಾದ ಗೋರ್ವಾದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಬ್ಯಾಂಕಿನವರು ವರ್ಗ ಮಾಡಿ ಕಳಿಸಿದರು, ಯಜಮಾನರಿಗೂ ಇಲ್ಲೇ ಕೆಲಸ ಸಿಕ್ಕಿತು, ಮಗಳ ಓದು, ಆಮೇಲೆ ಮನೆ ಸಾಲ... ಹೀಗೆ ಇಲ್ಲಿಯವರೇ ಆದೆವು. ನಮ್ಮ ಬಾಲ್ಕನಿಯ ಕರಿಬೇವು ತಿಪಟೂರಿನ ನಮ್ಮ ಹಿತ್ತಲಿನದಕ್ಕಿಂತ ಸೊಂಪಾಗಿದೆ. ತುಳಸಿ, ದೊಡ್ಡಪತ್ರೆ, ಟೊಮ್ಯಾಟೊ ಎಲ್ಲವೂ ಬಂದವು. ತಕರಾರು ಬಂದದ್ದು ಸೇವಂತಿಗೆಯ ವಿಷಯದಲ್ಲಿ ಮಾತ್ರ. ತಿಪಟೂರಿನ ನಮ್ಮ ಭಾವನವರು ಫೋನಿನಲ್ಲೇ ತೀರ್ಪು ಕೊಟ್ಟರು: "ಏನಮ್ಮಾ, ಗುಜರಾತಿನ ನೀರಿಗೆ ಸೇವಂತಿಗೆ ಎಲ್ಲಿ ಬರುತ್ತೆ? ಅದು ನಮ್ಮ ಕಡೆ ಹೂವು!"

ನಮ್ಮ ಕಡೆ ಹೂವಂತೆ! ಇಲ್ಲಿ ದೀಪಾವಳಿಯ ಹಿಂದು ಮುಂದು ಖಂಡೇರಾವ್ ಮಾರ್ಕೆಟ್ಟಿನ ಮುಂದೆ ನಿಂತು ನೋಡಿದವರು ಈ ಮಾತು ಆಡಲಾರರು. ಗಲಗೋಟಾ, ಅಂದರೆ ನಮ್ಮ ಚೆಂಡುಹೂವಿನ ಪಕ್ಕದಲ್ಲೇ ಸೇವಂತಿಗೆಯ ರಾಶಿ ಇರುತ್ತದೆ. ಗುಜರಾತಿಯಲ್ಲಿ ಅದರ ಹೆಸರೂ ಸೇವಂತಿಯೇ. ಹೆಸರಿಗೆ ಒಂದು ಅಕ್ಷರ ಕಡಿಮೆ, ಅಷ್ಟೇ. ಮಣ್ಣಿನದೇ ದೋಷವಾಗಿದ್ದರೆ ಆ ರಾಶಿ ಎಲ್ಲಿಂದ ಬಂತು?

ಸೇವಂತಿಗೆ ಮಣ್ಣನ್ನು ನೋಡಿ ಹೂ ಬಿಡುವುದಿಲ್ಲ. ಅದು ಇರುಳನ್ನು ಎಣಿಸಿ ಹೂ ಬಿಡುತ್ತದೆ. ಇದು ನನ್ನ ಕಲ್ಪನೆಯಲ್ಲ, ನೂರು ವರ್ಷಕ್ಕೂ ಹಿಂದೆ ಇತ್ಯರ್ಥವಾದ ಸಂಗತಿ. ಅಮೆರಿಕದ ಕೃಷಿ ಇಲಾಖೆಯಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರಿದ್ದರು. ಮೇರಿಲ್ಯಾಂಡ್ ಮ್ಯಾಮತ್ ಎಂಬ ಹೊಗೆಸೊಪ್ಪಿನ ತಳಿಯೊಂದು ಅವರ ತಲೆ ಕೆಡಿಸಿತ್ತು. ಬೇಸಗೆಯಲ್ಲಿ ಹೊಲದಲ್ಲಿಟ್ಟರೆ ಹತ್ತಡಿ ಎತ್ತರ ಬೆಳೆದರೂ ಒಂದು ಮೊಗ್ಗಿಲ್ಲ. ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಗಿಡ್ಡವಾಗಿದ್ದಾಗಲೇ ಹೂ ಬಿಡುತ್ತಿತ್ತು. ಗೊಬ್ಬರ ಬದಲಿಸಿದರು, ನೀರು ಬದಲಿಸಿದರು, ಶಾಖ ಬದಲಿಸಿದರು. ಕೊನೆಗೆ 1918ರ ಬೇಸಗೆಯಲ್ಲಿ ಒಂದು ಕತ್ತಲೆ ಗೂಡು ಕಟ್ಟಿಸಿ, ಕುಂಡಗಳನ್ನು ಸಂಜೆ ಬಿಸಿಲಿರುವಾಗಲೇ ಒಳಗೆ ದೂಡಿ, ಬೆಳಿಗ್ಗೆ ಹೊತ್ತೇರಿದ ಮೇಲೆ ಹೊರಗೆ ತಂದರು. ಹೂ ಬಂತು! 1920ರಲ್ಲಿ ಅದನ್ನು ಪ್ರಕಟಿಸಿದರು. ಅಂದರೆ ಗಿಡಕ್ಕೆ ಕಪ್ಪು ಬಟ್ಟೆ ಮುಚ್ಚುವ ವಿದ್ಯೆ ನಮ್ಮ ಅಜ್ಜಂದಿರ ಕಾಲದ್ದು. ಯಾರೋ ಹೊಸದಾಗಿ ಕಂಡುಹಿಡಿದ ಷೋಕಿ ಅಲ್ಲ.

ಆಗ ಎಲ್ಲರೂ ತಿಳಿದದ್ದು ಗಿಡ ಹಗಲನ್ನು ಅಳೆಯುತ್ತದೆ ಎಂದು. ಅದಕ್ಕೇ 'ಅಲ್ಪ ಹಗಲಿನ ಗಿಡ', 'ದೀರ್ಘ ಹಗಲಿನ ಗಿಡ' ಎಂಬ ಹೆಸರುಗಳು ಬಿದ್ದವು. 1938ರಲ್ಲಿ ಷಿಕಾಗೋದಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು, ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಒಂದು ಕಳೆಗಿಡವನ್ನು ಹಿಡಿದುಕೊಂಡು ನೋಡಿದರು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಗಿಡಕ್ಕೆ ಏನೂ ಅನ್ನಿಸಲಿಲ್ಲ. ಇರುಳಿನ ನಡುವೆ ಕೆಲವು ನಿಮಿಷ ದೀಪ ಹಚ್ಚಿದರೆ ಹೂ ನಿಂತೇ ಹೋಯಿತು. ಲೆಕ್ಕ ಇರುವುದು ಕತ್ತಲೆಯದು, ಅದೂ ತುಂಡಾಗದ ಕತ್ತಲೆಯದು.

ಬ್ಯಾಂಕಿನವಳಾದ ನನಗೆ ಇದು ಬೇಗ ಅರ್ಥವಾಗುತ್ತದೆ. ಫಿಕ್ಸೆಡ್ ಡಿಪಾಸಿಟ್ಟು ಇದ್ದ ಹಾಗೆ. ಹದಿಮೂರು ಗಂಟೆ ಇಡುತ್ತೇನೆ ಎಂದು ಒಪ್ಪಿ, ಆರು ಗಂಟೆಗೆ ಮುರಿದು, ಮತ್ತೆ ಆರು ಗಂಟೆ ಇಟ್ಟರೆ ಹದಿಮೂರು ಗಂಟೆಯ ಬಡ್ಡಿ ಯಾರೂ ಕೊಡುವುದಿಲ್ಲ. ಸೇವಂತಿಗೆಯೂ ಕೊಡುವುದಿಲ್ಲ.

ಎಣಿಸುವುದು ಎಲೆ. ಎಲೆಯಲ್ಲಿ ಫೈಟೋಕ್ರೋಮ್ ಎಂಬ ಒಂದು ಬಣ್ಣದ ವಸ್ತು ಇದೆ. ಕೆಂಪು ಬೆಳಕು ತಾಕಿದರೆ ಅದು ಎಚ್ಚರವಾಗುತ್ತದೆ. ನಡುರಾತ್ರಿ ಅದು ಎಚ್ಚರವಾಯಿತೆಂದರೆ ಗಿಡದ ಒಳಗಿನ ಗಡಿಯಾರ 'ಇನ್ನೂ ಬೇಸಗೆ, ಇರುಳು ಚಿಕ್ಕದು' ಎಂದು ಬರೆದುಕೊಳ್ಳುತ್ತದೆ. ಇರುಳು ಸಾಕಷ್ಟು ಉದ್ದವಾಯಿತೆಂದರೆ ಎಲೆಯಿಂದ ಕುಡಿಗೆ ಒಂದು ಸಂದೇಶ ಹೋಗುತ್ತದೆ, ಕುಡಿ ಎಲೆ ಬಿಡುವುದನ್ನು ಬಿಟ್ಟು ಮೊಗ್ಗು ಕಟ್ಟುತ್ತದೆ. ಸೋವಿಯತ್ ದೇಶದ ಚೈಲಾಖ್ಯಾನ್ ಎಂಬ ವಿಜ್ಞಾನಿ ಇದನ್ನು ತೋರಿಸಿದ್ದು ಸೇವಂತಿಗೆಯ ಮೇಲೆಯೇ. ಮೇಲಿನ ಎಲೆ ಕಿತ್ತು, ಕೆಳಗಿನ ಎಲೆಗಳಿಗಷ್ಟೇ ಉದ್ದ ಇರುಳು ಕೊಟ್ಟರೆ, ಬೆಳಕಿನಲ್ಲಿದ್ದ ತುದಿಯೂ ಹೂ ಬಿಟ್ಟಿತು. ಆ ಸಂದೇಶಕ್ಕೆ ಆತ 1937ರಲ್ಲಿ 'ಫ್ಲೋರಿಜೆನ್' ಎಂದು ಹೆಸರಿಟ್ಟ. ಅದು ಯಾವ ಪ್ರೋಟೀನು ಎಂದು ಗೊತ್ತಾಗುವಷ್ಟರಲ್ಲಿ 2007 ಬಂತು. ಎಪ್ಪತ್ತು ವರ್ಷ! ನಮ್ಮ ಭಾವನವರಿಗೆ ಎಪ್ಪತ್ತು ಸೆಕೆಂಡೂ ಬೇಕಾಗಲಿಲ್ಲ.

ಎಲ್ಲ ಗಿಡಕ್ಕೂ ಈ ಹಟ ಇಲ್ಲ. ಗುಲಾಬಿಗೆ, ಟೊಮ್ಯಾಟೊಗೆ ಇರುಳಿನ ಉದ್ದದ ಗೊಡವೆಯೇ ಇಲ್ಲ. ಪಾಲಕ್ ತದ್ವಿರುದ್ಧ, ಹಗಲು ಉದ್ದವಾದಾಗ ದಂಟು ಬಿಟ್ಟು ಹೂವಿಗೆ ಹೋಗಿ ಸೊಪ್ಪು ಕೆಡುತ್ತದೆ. ಇಲ್ಲಿಯವರು ಕಮಲಂ ಎನ್ನುವ ಡ್ರ್ಯಾಗನ್ ಹಣ್ಣು ಕೂಡ ಉದ್ದ ಹಗಲಿನದು. 2021ರ ಜನವರಿಯಲ್ಲಿ ಗುಜರಾತ್ ಸರ್ಕಾರ ಅದಕ್ಕೆ ಆ ಹೆಸರಿಟ್ಟಾಗ ನಮ್ಮವರು ವಾರಗಟ್ಟಲೆ ನಕ್ಕರು. ಆಮೇಲೆ ನಮ್ಮ ತುಮಕೂರಿನ ಹಿರೇಹಳ್ಳಿಗೇ ಕಮಲಂ ಹಣ್ಣಿನ ಉತ್ಕೃಷ್ಟತಾ ಕೇಂದ್ರ ಬಂತು, ಈಗ ಯಾರೂ ನಗುತ್ತಿಲ್ಲ. ವಿಯೆಟ್ನಾಂನಲ್ಲಿ ಈ ಹಣ್ಣಿನ ತೋಟಕ್ಕೆ ರಾತ್ರಿ ದೀಪ ಹಚ್ಚಿ ಅಕಾಲದಲ್ಲಿ ಹೂ ತರಿಸುತ್ತಾರೆ. ಒಂದು ಗಿಡಕ್ಕೆ ಹೂ ತರಿಸುವ ದೀಪವೇ ಇನ್ನೊಂದು ಗಿಡದ ಹೂ ತಡೆಯುತ್ತದೆ. ಹಾಗಿರುವಾಗ 'ಯಾವ ಗಿಡಕ್ಕಾದರೂ ದಿನಕ್ಕೆ ಹದಿನೆಂಟು ಗಂಟೆ ಹಚ್ಚಿಡಿ, ಹೂವೇ ಹೂವು' ಎಂದು ನೇರಳೆ ದೀಪ ಮಾರುವವರನ್ನು ಏನೆನ್ನಬೇಕು? ಸೊಪ್ಪು ಬೆಳೆಯುವವರು ಕೊಳ್ಳಲಿ. ಸೇವಂತಿಗೆಗೆ ಆ ದೀಪ ಹಾಕುವುದು, ಮಗು ಮಲಗಲಿ ಎಂದು ಡೋಲು ಬಾರಿಸಿದಂತೆ.

ನಮ್ಮ ನಾಡಿನವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಬೇರೆ ಹೆಸರಿನಲ್ಲಿ ಕರೆಯುತ್ತೇವೆ. ಅವರೆಕಾಯಿ ಡಿಸೆಂಬರ್ ಜನವರಿಗೆ ಏಕೆ ಬರುತ್ತದೆ? ಚಳಿ ಬಿತ್ತು, ಇಬ್ಬನಿ ಬಿತ್ತು, ಸೊಗಡು ಬಂತು ಎನ್ನುತ್ತೇವೆ. ಇಬ್ಬನಿಯಿಂದ ಸೊಗಡು ಬರಲಿ, ಬೇಡವೆನ್ನುವುದಿಲ್ಲ. ಆದರೆ ಹಳೆಯ ಅವರೆ ತಳಿ ಹೂವಿಗೆ ಹೊರಡುವುದು ಇರುಳು ಉದ್ದವಾಯಿತು ಎಂಬ ಲೆಕ್ಕದ ಮೇಲೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ತಂದರಲ್ಲ, ಅವು ಆ ಲೆಕ್ಕವನ್ನೇ ಬಿಟ್ಟ ತಳಿಗಳು. ಅದಕ್ಕೇ ಯಾವ ತಿಂಗಳು ಬಿತ್ತಿದರೂ ಕಾಯಿ ಬಿಡುತ್ತವೆ. ಸೊಗಡು ಇಲ್ಲ ಎಂದು ನನ್ನ ಅಕ್ಕ ಇವತ್ತಿಗೂ ಗೊಣಗುತ್ತಾಳೆ, ಅದು ಬೇರೆ ಮಾತು.

ಇನ್ನು ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದರೆ ಸೇವಂತಿಗೆ ಹೊಲದಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ನೋಡಬಹುದು. ಮದುವೆ ಮನೆಯಂತೆ ಚೆನ್ನಾಗಿದೆ ಎಂದು ಜನ ಬೈಕು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅದು ಅಲಂಕಾರ ಅಲ್ಲ, ಹೂವಿಗೆ ಹಾಕಿದ ಬೀಗ. ಚಳಿಗಾಲದ ಉದ್ದ ಇರುಳಿಗೆ ಗೇಣುದ್ದದ ಸಸಿಯೇ ಮೊಗ್ಗು ಕಟ್ಟಿಬಿಟ್ಟರೆ ರೈತ ಮಾರುವುದೇನು? ಆದ್ದರಿಂದ ಇರುಳನ್ನು ಬಲ್ಬಿನಿಂದ ಮುರಿದು, ಗಿಡಕ್ಕೆ ಮೈ ಬರುವವರೆಗೆ ತಡೆದು, ಆಮೇಲೆ ಬಲ್ಬು ಆರಿಸುತ್ತಾನೆ. ಆರಿಸಿದ ಮೇಲೆ ಹೂ. ಎಂಟು ಹತ್ತು ವಾರದ ಲೆಕ್ಕ. ಹಸಿರುಮನೆಯಲ್ಲಿ ಬೆಳೆಯುವವರು ಇದಕ್ಕೆ ತಿರುಗಾಮುರುಗಾ, ಬೇಸಗೆಯಲ್ಲಿ ಸಂಜೆಯಿಂದ ಬೆಳಿಗ್ಗೆವರೆಗೆ ಕಪ್ಪು ಪರದೆ ಎಳೆದು ಹೂ ಹೊರಡಿಸುತ್ತಾರೆ. ಹಬ್ಬ ಯಾವ ತಾರೀಖಿಗೆ ಬರುತ್ತದೆ ಎಂಬುದು ಪಂಚಾಂಗದಲ್ಲಿದೆ, ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಪರದೆ ಎಳೆಯುವ ತಾರೀಖು ಸಿಗುತ್ತದೆ.

ಇಲ್ಲಿ ಊರು ಬಿಟ್ಟವರು ಗಮನಿಸಬೇಕಾದ ಒಂದು ಸಂಗತಿ ಇದೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಸುಮಾರು 12 ಗಂಟೆ 53 ನಿಮಿಷ, ಅತಿ ಚಿಕ್ಕದು 11 ಗಂಟೆ 21 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ. ವಡೋದರಾದಲ್ಲಿ ಉದ್ದದ್ದು ಹದಿಮೂರೂವರೆ ಗಂಟೆಗೆ ಒಂದು ನಿಮಿಷ ಕಡಿಮೆ, ಚಿಕ್ಕದು 10 ಗಂಟೆ 46 ನಿಮಿಷ. ವ್ಯತ್ಯಾಸ ಎರಡೂ ಮುಕ್ಕಾಲು ಗಂಟೆ ಹತ್ತಿರ. ಜೂನ್ ತಿಂಗಳಲ್ಲಿ ಬೆಂಗಳೂರಿನವರು ದೇವರ ದೀಪ ಹಚ್ಚಿ ಮುಗಿಸಿದ ಮೇಲೂ ಇಲ್ಲಿ ಅರ್ಧ ಗಂಟೆ ಬಿಸಿಲು ಇರುತ್ತದೆ. ಸೇವಂತಿಗೆ ಮೊಗ್ಗು ಕಟ್ಟಲು ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆ ಇರಬೇಕು. ನಮ್ಮೂರಿನ ಸೇವಂತಿಗೆ ಆ ಗಡಿಯ ಈಚೆಗೇ ಇರುತ್ತದೆ, ಯಾವಾಗ ಬೇಕಾದರೂ ಒಂದೆರಡು ಮೊಗ್ಗು ಕಾಣಿಸುತ್ತದೆ. ಇಲ್ಲಿ ಬೇಸಗೆಯಲ್ಲಿ ಬರೀ ಎಲೆ. ಆದರೆ ಸೆಪ್ಟೆಂಬರ್ ಕಳೆದ ಮೇಲೆ ನಮ್ಮೂರಿಗಿಂತ ಉದ್ದ ಇರುಳು ಸಿಗುವುದು ಇಲ್ಲಿಯೇ. ಅಂದರೆ ಚಳಿಗಾಲದ ಸೇವಂತಿಗೆಗೆ ಗೋರ್ವಾ ತಿಪಟೂರಿಗಿಂತ ಒಳ್ಳೆಯ ಜಾಗ ಆಗಬೇಕು! ಕತ್ತಲೆಯನ್ನು ಕತ್ತಲೆಯಾಗಿ ಬಿಟ್ಟರೆ.

ಬಿಡುವುದಿಲ್ಲ. ಜಗಳ ಇರುವುದೇ ಅಲ್ಲಿ.

ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಯ ಪಕ್ಕ ಸೇವಂತಿಗೆಯ ಒಂದು ಪಾತಿ ಇದೆ, ಮೂವತ್ತು ಅಡಿ ಉದ್ದ. 2021ರವರೆಗೆ ನವೆಂಬರ್ ಕೊನೆಗೆ ಹಳದಿ ಬಿಳಿ ಸೇರಿ ನೋಡುವ ಹಾಗಿರುತ್ತಿತ್ತು. 2022ರ ಆಗಸ್ಟ್‌ನಲ್ಲಿ ಗೋಡೆಯ ಉದ್ದಕ್ಕೂ ಹದಿನಾರು ಎಲ್‌ಇಡಿ ಫೋಕಸ್ ಲೈಟು ಹಾಕಿದರು. ಸಂಜೆ ಆರಕ್ಕೆ ಹತ್ತಿದರೆ ಬೆಳಿಗ್ಗೆ ಆರಕ್ಕೆ ಆರುವುದು. ಆ ವರ್ಷ ಪಾತಿಯಲ್ಲಿ ಹೂವಿಲ್ಲ. ಮುಂದಿನ ವರ್ಷವೂ ಇಲ್ಲ. ಕಮಿಟಿಯವರು ಸಭೆ ಸೇರಿ ಕಾರಣ ಕಂಡುಹಿಡಿದರು: ಮಾಲಿ ಗೊಬ್ಬರ ಹಾಕುತ್ತಿಲ್ಲ, ಗೊಬ್ಬರದ ದುಡ್ಡು ಹೊಡೆಯುತ್ತಾನೆ. ತಿಂಗಳಿಗೆ 1,500 ರೂಪಾಯಿಯಂತೆ ಮೂರು ತಿಂಗಳು ಅವನ ಸಂಬಳ ಹಿಡಿದರು. ಒಟ್ಟು 4,500.

ಆ ಮಾಲಿ ದಾಹೋದ್ ಕಡೆಯವನು, ಐವತ್ತು ದಾಟಿದವನು. ಹೆಂಡತಿ ಮಕ್ಕಳು ಊರಲ್ಲಿ, ಇವನು ಇಲ್ಲಿ ಪಂಪ್ ರೂಮಿನ ಪಕ್ಕದ ಕೋಣೆಯಲ್ಲಿ. ಅವನೂ ನಮ್ಮ ಹಾಗೆ ಊರು ಬಿಟ್ಟವನೇ, ವ್ಯತ್ಯಾಸವೆಂದರೆ ನಮಗೆ ಪೆನ್ಷನ್ನು ಇದೆ. "ಬೇನ್, ಖಾತರ್ ಹಾಕಿದ್ದೇನೆ, ಚೀಲ ನಾನೇ ಹೊತ್ತೆ, ಗಿಡ ನೋಡಿ ಎಷ್ಟು ಎತ್ತರ ಇದೆ" ಎಂದು ನನಗೆ ತೋರಿಸಿದ. ಖಾತರ್ ಎಂದರೆ ಇಲ್ಲಿ ಗೊಬ್ಬರ. ಅವನ ಮಾತು ನಿಜ. ಗಿಡ ಸೊಂಟದೆತ್ತರ, ಎಲೆ ಕಡುಹಸಿರು. ಗೊಬ್ಬರ ತಿನ್ನದ ಗಿಡ ಹಾಗಿರುತ್ತದೆಯೇ? ದುಡ್ಡು ಹೊಡೆದವನ ಪಾತಿ ಒಣಗಿರಬೇಕಿತ್ತು. ಹೊಟ್ಟೆ ತುಂಬಿದ ಗಿಡ ಹೂ ಬಿಡುತ್ತಿಲ್ಲ ಎಂದರೆ ಕೊರತೆ ಇರುವುದು ಊಟದಲ್ಲಿ ಅಲ್ಲ, ನಿದ್ದೆಯಲ್ಲಿ.

ಮೂವತ್ತೈದು ವರ್ಷ ವೋಚರು ತಿರುವಿ ಹಾಕಿದವಳು ನಾನು. ಯಾವ ತಾರೀಖಿನಿಂದ ಲೆಕ್ಕ ತಪ್ಪಿತು ಎಂದು ನೋಡುವುದು ನನಗೆ ಅಭ್ಯಾಸ. ದೀಪ ಹಾಕಿಸಿದ ಬಿಲ್ಲು ತೆಗೆಸಿದೆ, ಹೂ ನಿಂತ ವರ್ಷ ಅದೇ. ಪಾತಿಯುದ್ದಕ್ಕೂ ನಡೆದು ನೋಡಿದೆ. ನೀರಿನ ಟ್ಯಾಂಕಿನ ನೆರಳು ಬೀಳುವ ನಾಲ್ಕಡಿ ಜಾಗದಲ್ಲಿ ಮಾತ್ರ ಹೂ ಇತ್ತು! ಅದೇ ಮಾಲಿ, ಅದೇ ಗೊಬ್ಬರ, ಅದೇ ಮಣ್ಣು, ಅದೇ ನೀರು. ಇಲ್ಲದ್ದು ದೀಪದ ಬೆಳಕೊಂದೇ. ಇಷ್ಟು ಚೊಕ್ಕವಾದ ಸಾಕ್ಷಿ ನನಗೆ ಬ್ಯಾಂಕಿನ ಇನ್ಸ್‌ಪೆಕ್ಷನ್ನಿನಲ್ಲೂ ಸಿಕ್ಕಿರಲಿಲ್ಲ.

ಆದರೂ ನಂಬದವರಿಗಾಗಿ ಬಾಲ್ಕನಿಯಲ್ಲಿ ಆರು ಕುಂಡ ಇಟ್ಟೆ. ನಮ್ಮ ಬಾಲ್ಕನಿಗೂ ಆ ದೀಪದ ಬೆಳಕು ಬೀಳುತ್ತದೆ, ದಿನಪತ್ರಿಕೆ ಓದಬಹುದು. ಮೂರು ಕುಂಡ ಹಾಗೇ ಬಿಟ್ಟೆ. ಮೂರಕ್ಕೆ 2023ರ ಸೆಪ್ಟೆಂಬರ್ 25ರಿಂದ ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಕಪ್ಪು ಹೊದಿಕೆ. ಪ್ಲಾಸ್ಟಿಕ್ ಅಲ್ಲ. ಇಲ್ಲಿ ಅಕ್ಟೋಬರಿನಲ್ಲೂ ಮಧ್ಯಾಹ್ನ 35 ಡಿಗ್ರಿ ಇರುತ್ತದೆ, ಪ್ಲಾಸ್ಟಿಕ್ ಒಳಗೆ ಕಾವು ಸೇರಿಕೊಂಡರೆ ಮೊಗ್ಗು ತಡವಾಗುತ್ತದೆ. ಹಳೆಯ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಎರಡು ಪದರ ಕಪ್ಪು ಕಾಟನ್ ಬಟ್ಟೆ, ಕೆಳಗೆ ಗಾಳಿಗೆ ನಾಲ್ಕು ಬೆರಳು ಸಂದು, ಆ ಸಂದಿಗೆ ಬೆಳಕು ನುಗ್ಗದಂತೆ ಇಟ್ಟಿಗೆ ಸಾಲು. ಅಕ್ಟೋಬರ್ ಮುಗಿಯುವುದರೊಳಗೆ ಮೊಗ್ಗು ಕಣ್ಣಿಗೆ ಬಿದ್ದವು. ಡಿಸೆಂಬರ್ ಮೊದಲ ವಾರ ಹೂ. ಬಣ್ಣ ಕಂಡ ಮೇಲೆ ಹೊದಿಕೆ ತೆಗೆದೆ, ಆಮೇಲೆ ಬೇಕಾಗುವುದಿಲ್ಲ. ಹಾಗೇ ಬಿಟ್ಟ ಮೂರು ಕುಂಡ ಬರೀ ಸೊಪ್ಪಾಗಿ ನಿಂತಿದ್ದವು. ನಡುವೆ ಮದುವೆಗೆಂದು ತಿಪಟೂರಿಗೆ ಹೋಗಬೇಕಾಯಿತು. ಐದು ರಾತ್ರಿ ಪಕ್ಕದ ಮನೆಯ ಹುಡುಗಿ ಗಡಿಯಾರ ನೋಡಿಕೊಂಡು ಮುಚ್ಚಿ ತೆಗೆದಳು. ಒಂದು ರಾತ್ರಿಯೂ ತಪ್ಪಿಸಲಿಲ್ಲ, ಪುಣ್ಯಾತ್ಗಿತ್ತಿ.

ಫೋಟೋ ಕಳಿಸಿದ್ದಕ್ಕೆ ಭಾವನವರ ಉತ್ತರ: "ಗಿಡಕ್ಕೆ ಮುಸುಕು ಹಾಕೋದು ಪ್ರಕೃತಿಗೆ ವಿರುದ್ಧ ಅಲ್ವೇನಮ್ಮಾ?" ಈ ಮಾತನ್ನು ಬೇರೆಯವರೂ ಹೇಳಿದ್ದಾರೆ, ಅದಕ್ಕೇ ಬಹಿರಂಗವಾಗಿ ಕೇಳುತ್ತೇನೆ. ಹನ್ನೆರಡು ಗಂಟೆ ಉರಿಯುವ ಫೋಕಸ್ ಲೈಟು ಪ್ರಕೃತಿಯೇ? ಗಿಡಕ್ಕೆ ಇರುಳು ಕೊಟ್ಟದ್ದು ಪ್ರಕೃತಿ. ಕಿತ್ತುಕೊಂಡದ್ದು ಕಮಿಟಿ. ಹಿಂದಕ್ಕೆ ಕೊಟ್ಟವಳು ನಾನು. ಇದರಲ್ಲಿ ವಿರುದ್ಧ ಹೋದವರು ಯಾರು? ಚಿಕ್ಕಬಳ್ಳಾಪುರದ ರೈತನನ್ನೂ ಇದೇ ಮಾತಿನಿಂದ ಚುಚ್ಚುವವರಿದ್ದಾರೆ, 'ಹೂವಿಗೆ ಮೋಸ ಮಾಡ್ತಾರೆ' ಎಂದು. ಅವನು ದೀಪ ಹಚ್ಚುವುದು ಎಣಿಸಿ, ಆರಿಸುವುದೂ ಎಣಿಸಿ. ಬಲ್ಬಿಗೆ ದುಡ್ಡು ಅವನದು, ನಷ್ಟವಾದರೆ ಅದೂ ಅವನದು. ನನ್ನ ತಕರಾರು ಎಣಿಸಿ ಹಚ್ಚಿದ ದೀಪದ ಮೇಲಲ್ಲ. ಹಚ್ಚಿ ಮರೆತ ದೀಪದ ಮೇಲೆ, ಅದರ ತಪ್ಪಿಗೆ ಬಡವನ ಸಂಬಳ ಹಿಡಿಯುವುದರ ಮೇಲೆ.

ನವರಾತ್ರಿಯ ಗರ್ಬಾ ಬಗ್ಗೆಯೂ ನನ್ನ ಬಾಯಿಗೆ ಮಾತು ತುರುಕಲು ನೋಡಿದರು. ವಡೋದರಾದಲ್ಲಿ ಗರ್ಬಾ ವಿರುದ್ಧ ಮಾತಾಡಿದವರು ಉಳಿಯುವುದುಂಟೆ! ನಾನೂ ಒಂದೆರಡು ಸುತ್ತು ಹಾಕುವವಳೇ. ಒಂಬತ್ತು ರಾತ್ರಿಯ ಬೆಳಕಿಗೆ ಹೂ ಒಂದು ವಾರ ತಡವಾದೀತು, ಆಗಲಿ. ನಾನು ಕೇಳುತ್ತಿರುವುದು ಉಳಿದ ಮುನ್ನೂರೈವತ್ತಾರು ರಾತ್ರಿಗಳ ಲೆಕ್ಕ.

ವಾರ್ಷಿಕ ಸಭೆಯಲ್ಲಿ ಚೇರ್ಮನ್ನರ ವಾದ ಒಂದೇ: "ಆಂಟಿ, ಸೇಫ್ಟಿ ಮಾಟೇ ಲೈಟ್ ತೋ ಜೋಯಿಯೇ ನೇ!" ಭದ್ರತೆಗೆ ದೀಪ ಬೇಕಲ್ಲ ಎಂದು. ಬೇಕು. ಒಂಟಿ ಹೆಂಗಸರಿದ್ದಾರೆ, ವಯಸ್ಸಾದವರಿದ್ದಾರೆ, ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬರುವವರಿದ್ದಾರೆ. ಆದರೆ ಆ ಹದಿನಾರು ದೀಪಗಳು ನಡೆಯುವ ದಾರಿಯ ಮೇಲೆ ಬೀಳುತ್ತಿಲ್ಲ, ಗಿಡದ ಮೇಲೂ ನಮ್ಮ ಮಲಗುವ ಕೋಣೆಯ ಕಿಟಕಿಯ ಮೇಲೂ ಬೀಳುತ್ತವೆ. ಕಳ್ಳ ಬರುವುದು ದಾರಿಯಲ್ಲೋ ಸೇವಂತಿಗೆ ಪಾತಿಯಲ್ಲೋ? ಮುಖ ತಿರುಗಿಸಿ, ಮೇಲೊಂದು ತಗಡಿನ ಟೊಪ್ಪಿಗೆ ಹಾಕಿ, ಬೆಳಕು ಕಾಲ ಬುಡಕ್ಕೆ ಬೀಳಲಿ. ಭದ್ರತೆ ಹೆಚ್ಚಾಗುತ್ತದೆಯೇ ವಿನಾ ಕಡಿಮೆ ಆಗುವುದಿಲ್ಲ.

'ಹಾಗಾದರೆ ಬಿಳಿ ತೆಗೆದು ಹಳದಿ ಲೈಟು ಹಾಕೋಣ, ಕಣ್ಣಿಗೆ ತಂಪು' ಎಂದರು ಇನ್ನೊಬ್ಬರು. ಕಣ್ಣಿಗೆ ತಂಪಿರಬಹುದು, ಗಿಡ ಎಚ್ಚರವಾಗುವುದು ಕೆಂಪಿನ ಭಾಗಕ್ಕೆ, ಹಳದಿ ಛಾಯೆಯ ಬಲ್ಬಿನಲ್ಲಿ ಆ ಭಾಗಕ್ಕೇನೂ ಕೊರತೆ ಇಲ್ಲ. 'ಮನುಷ್ಯರು ಓಡಾಡಿದಾಗ ಮಾತ್ರ ಹತ್ತುವ ಸೆನ್ಸರ್ ಲೈಟು ಹಾಕೋಣ' ಎಂದರು ಮತ್ತೊಬ್ಬರು. ಕೇಳುವುದಕ್ಕೆ ಚೆಂದ. ಆದರೆ ಸೇವಂತಿಗೆ ಬೆಳೆಯುವವರು ಕರೆಂಟು ಉಳಿಸಲು ಬಳಸುವ ಉಪಾಯವೇ ಅದು. ನಡುರಾತ್ರಿಯ ನಾಲ್ಕು ಗಂಟೆಯಲ್ಲಿ ಅರ್ಧ ಗಂಟೆಗೊಮ್ಮೆ ಆರು ನಿಮಿಷ ಹಚ್ಚಿದರೂ ಹೂ ತಡೆಯಲು ಸಾಕು. ನಮ್ಮ ಬೀದಿಯ ನಾಯಿಗಳು ಅಷ್ಟು ಬಾರಿ ಖಂಡಿತ ಓಡಾಡುತ್ತವೆ! ಬೆಳಗಬೇಕಾದ್ದರ ಮೇಲೆ ಬೆಳಕು ಬೀಳಿಸುವುದೊಂದೇ ದಾರಿ. ಹುಣ್ಣಿಮೆಯ ಚಂದ್ರನೂ ಇದ್ದಾನಲ್ಲ ಎಂದು ಕೇಳಿದವರೂ ಉಂಟು. ಹುಣ್ಣಿಮೆಯ ಬೆಳಕು ಅರ್ಧ ಲಕ್ಸ್ ಕೂಡ ಇಲ್ಲ. ಹೂ ತಡೆಯಲು ಬೆಳೆಗಾರರು ಹಚ್ಚುವುದು ನೂರು ಲಕ್ಸ್ ಹತ್ತಿರದ್ದು.

ಇದನ್ನೆಲ್ಲ ಓದುವ ನಮ್ಮ ನಾಡಿನವರು 'ಪಾಪ, ಗುಜರಾತಿನಲ್ಲಿ ಹೀಗಾ' ಎಂದು ಲೊಚಗುಟ್ಟುವ ಅಗತ್ಯವಿಲ್ಲ. ಹೋದ ಸಲ ಬಂದಾಗ ಬೆಂಗಳೂರಿನ ಹೋಟೆಲುಗಳ ಮುಂದಿನ ಮರಗಳಿಗೆ ಬುಡದಿಂದ ಕೊಂಬೆಯವರೆಗೆ ದೀಪದ ಸರ ಸುತ್ತಿದ್ದನ್ನು ನೋಡಿದೆ. ನಿಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೂ ರಾತ್ರಿಯಿಡೀ ದೀಪ ಉರಿಯುತ್ತಿದೆ. ಹೂ ಬಿಡದಿದ್ದರೆ ನಿಮಗೂ ಒಂದು ಉತ್ತರ ಸಿದ್ಧವಿದೆ: 'ಕೊಳವೆಬಾವಿ ನೀರು ಗಡಸು.' ಮೈಸೂರಿನ ಅರಮನೆಯನ್ನು ನೋಡಿ. ಸುಮಾರು ಒಂದು ಲಕ್ಷ ಬಲ್ಬು. ದಸರೆ ಬಿಟ್ಟರೆ ಭಾನುವಾರ, ಸರ್ಕಾರಿ ರಜೆಯ ಸಂಜೆ ಹತ್ತುತ್ತವೆ, ಒಂದು ಗಂಟೆಯೊಳಗೆ ಆರುತ್ತವೆ. ಅಷ್ಟು ಹೊತ್ತಿಗೇ ಜನ ಕಣ್ತುಂಬ ನೋಡಿ ಮನೆಗೆ ಹೋಗುತ್ತಾರೆ. ಅರಮನೆಗೆ ಆರಿಸಲು ಬರುತ್ತದೆ, ನಲವತ್ತೆಂಟು ಮನೆಯ ಸೊಸೈಟಿಗೆ ಬರುವುದಿಲ್ಲ!

ಕೊನೆಗೆ ಸಭೆಯಲ್ಲಿ ಆದದ್ದು ಇಷ್ಟು. ಹಿಂದಿನ ಗೋಡೆಯ ಏಳು ದೀಪಗಳಿಗೆ ತಗಡಿನ ಟೊಪ್ಪಿಗೆ ಹಾಕಿಸಲು ಒಪ್ಪಿದರು, ಪ್ರಯೋಗಕ್ಕೆಂದು ಒಂದು ವರ್ಷ. ಮುಂದಿನ ಒಂಬತ್ತು 'ಶೋಗೆ ಬೇಕು' ಎಂದು ಹಾಗೇ ಉಳಿದವು. ಗೇಟಿನ ಎದುರು ಅಲೆಂಬಿಕ್ ರಸ್ತೆಗೆ ಹೋಗುವವರಿಗೆ ನಮ್ಮ ಸೊಸೈಟಿ ಕಾಣಬೇಕಂತೆ. ಮಾಲಿಯ 4,500 ರೂಪಾಯಿಯ ವಿಷಯ ತೆಗೆದಾಗ ಖಜಾಂಚಿಯವರು, ಹಿಂದಿನ ವರ್ಷದ ಲೆಕ್ಕ ಆಡಿಟ್ ಆಗಿ ಮುಚ್ಚಿದೆ, ಈಗ ತೆಗೆಯಲು ಬರುವುದಿಲ್ಲ ಎಂದರು. ಎಂ.ಕಾಂ. ಓದಿದವಳ ಮುಂದೆ ಈ ಮಾತು! ಹಿಂದಿನ ವರ್ಷದ ಬಾಬ್ತನ್ನು ಈ ವರ್ಷದ ಖರ್ಚಿಗೆ ಹಾಕಿ ತೀರಿಸುವುದಕ್ಕೆ ಒಂದು ಶೀರ್ಷಿಕೆ ಇದೆ, ಬಿ.ಕಾಂ. ಹುಡುಗರಿಗೂ ಗೊತ್ತು. ನಾನೇ ಜರ್ನಲ್ ಎಂಟ್ರಿ ಬರೆದು, ನೀರಿನ ಟ್ಯಾಂಕಿನ ನೆರಳಿನ ಹೂವಿನ ಫೋಟೋ ಲಗತ್ತಿಸಿ, ಕಮಿಟಿಗೆ ಕೊಟ್ಟಿದ್ದೇನೆ. ಮುಂದಿನ ಸಭೆಯ ಅಜೆಂಡಾದಲ್ಲಿ ಅದು ಏಳನೆಯ ವಿಷಯ. ಟೊಪ್ಪಿಗೆ ಹಾಕಿದ ಏಳು ದೀಪಗಳ ಕೆಳಗೆ ಮಾಲಿ ಈಗ ಹೊಸ ಸಸಿ ನೆಟ್ಟಿದ್ದಾನೆ.